ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಯಾವ ವೆಬ್‌ಸೈಟ್ ನೋಡಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಐದನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ, ಯಾವ ಸೈಟ್ ಉಪಯೋಗಕ್ಕೆ ಬಂದೀತು ಅಂತ ಕೇಳಿದ್ದೀರಿ. ಹತ್ತು ಸೈಟ್ ಬೇಡ, ಸ್ಟೋರಿವೀವರ್ ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಅನ್ನುತ್ತೇನೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಉಚಿತ ಕಥಾಭಂಡಾರ ಅದು. ಎಷ್ಟೋ ಕಥೆಗಳು ಇಂಗ್ಲಿಷ್, ಕನ್ನಡ ಎರಡರಲ್ಲೂ ಸಿಗುತ್ತವೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ ಆಡಿ, ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳಿಗೆ ಬೇಕಾದ್ದು ಇದೇ.

ಸೈಟಿನಲ್ಲಿ ಭಾಷೆ ಇಂಗ್ಲಿಷ್, ಓದಿನ ಹಂತ 1 (ಎಲ್ಲಕ್ಕಿಂತ ಸುಲಭದ್ದು) ಆರಿಸಿ. ಐದನೇ ತರಗತಿಯಲ್ಲವೇ ಅಂತ ಹಂತ 3ಕ್ಕೆ ಹೋದರೆ ಎರಡನೇ ಪುಟದಲ್ಲೇ ಮಕ್ಕಳು ಸೋತುಬಿಡುತ್ತಾರೆ. ಪಿಡಿಎಫ್ ಮನೆಯಲ್ಲೇ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಮಳೆಗಾಲದ ನೆಟ್ ನಂಬಬೇಡಿ. ಮೊದಲ ಸಲ ಬರೀ ಚಿತ್ರ ತೋರಿಸಿ, ಏನಾಗುತ್ತಿದೆ ಅಂತ ಕನ್ನಡದಲ್ಲೇ ಹೇಳಿಸಿ. ಆಮೇಲೆ ನೀವು ಇಂಗ್ಲಿಷ್‌ನಲ್ಲಿ ಓದಿ, ನಂತರ ಅವರು ಓದಲಿ. ಕನ್ನಡ ಪ್ರತಿ ಕೊನೆಗೆ; ಮೊದಲೇ ಕೈಗಿತ್ತರೆ ಇಂಗ್ಲಿಷ್ ಪುಟವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಎರಡೂ ಪ್ರತಿ ಪದಕ್ಕೆ ಪದ ಹೊಂದಬೇಕೆಂದಿಲ್ಲ. ಮೂಲ ಕಥೆ ಹಿಂದಿಯದ್ದಾದರೆ ಎರಡೂ ಅನುವಾದಗಳೇ. ಹಾಗಾಗಿ ಸಾಲು ಹೋಲಿಸುವ ಕೆಲಸ ಕೊಡುವ ಮುಂಚೆ ನೀವೊಮ್ಮೆ ಜೋಡಿಸಿ ಓದಿ. ಮುದ್ರಿಸಿ ಹಂಚಲು ಅನುಮತಿಯಿದೆ, ಆದರೆ ಲೇಖಕರ, ಚಿತ್ರಕಾರರ ಹೆಸರಿರುವ ಪುಟ ಬಿಡಬೇಡಿ.

ಉಚ್ಚಾರಕ್ಕೆ ಕೇಂಬ್ರಿಜ್ ಡಿಕ್ಷನರಿ ಸಾಕು, ಬ್ರಿಟಿಷ್ ಮತ್ತು ಅಮೆರಿಕನ್ ಧ್ವನಿ ಎರಡೂ ಇವೆ. ಕನ್ನಡದ ನಾಲಿಗೆಯಲ್ಲಿ ‘ಎಗ್’ ‘ಯೆಗ್’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ, ‘ಬಸ್’ ‘ಬಸ್ಸು’ ಆಗುತ್ತದೆ. ಪದದ ಮೊದಲ ಎ, ಒ ಸ್ವರಗಳಿಗೆ ಯಕಾರ, ವಕಾರ ತಾನಾಗಿ ಅಂಟುವುದು, ಪದವನ್ನು ಸ್ವರದಲ್ಲಿ ಮುಗಿಸುವುದು ನಮ್ಮ ಮಾತಿನ ರೂಢಿ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ, ನಗುವ ತಪ್ಪಲ್ಲ ಅದು. ದಿನಕ್ಕೆ ಐದೇ ಪದ ಕೇಳಿಸಿ, ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ.

ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ (KITE) ಸಮಗ್ರ ಪೋರ್ಟಲನ್ನು ಇಂಗ್ಲಿಷ್ ಪುಸ್ತಕಕ್ಕಷ್ಟೇ ತೆರೆಯಬೇಡಿ. ವಿಜ್ಞಾನ ಪುಸ್ತಕ ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮದಲ್ಲಿ ಅಲ್ಲಿದೆ. ಕನ್ನಡದಲ್ಲಿ ಆಗಲೇ ಕಲಿತ ಪಾಠದ ಇಂಗ್ಲಿಷ್ ಪುಟ ಕೊಟ್ಟು ಎಂಟು ಪದ ಹೆಕ್ಕಿಸಿ. ವಿಷಯ ಗೊತ್ತಿರುವುದರಿಂದ ಅರ್ಥ ಊಹಿಸುವುದು ಸುಲಭ. ಕನ್ನಡದಲ್ಲಿ ಗೂಗಲ್ ಮಾಡಿದರೆ ಸಿಗುವ ನೋಟ್ಸ್ ಹೆಚ್ಚಿನವು ಕರ್ನಾಟಕದ ಪಠ್ಯಕ್ಕೆ ಬರೆದವು. ಕೇರಳದ ಪಾಠಗಳೇ ಬೇರೆ.

ಶಿಕ್ಷಕರಿಗಾಗಿ ಇರುವ ಅಮೆರಿಕದ ಸೈಟ್ ರೀಡ್‌ರೈಟ್‌ಥಿಂಕ್‌ನ ಪಾಠಯೋಜನೆಗಳು ಇಂಗ್ಲಿಷ್ ಮನೆಮಾತಾದ ಮಕ್ಕಳನ್ನು ನೆನೆದು ಮಾಡಿದವು, ನೇರವಾಗಿ ಒಗ್ಗುವುದಿಲ್ಲ. ಅದರಲ್ಲಿನ ಕಥಾನಕ್ಷೆಯ (ಕಥೆಯ ಪಾತ್ರ, ಸ್ಥಳ, ಘಟನೆಗಳನ್ನು ತುಂಬಿಸುವ) ಹಾಳೆಗಳನ್ನು ಮಾತ್ರ ತೆಗೆದುಕೊಳ್ಳಿ.