ಎಲ್ಡನ್ ರಿಂಗ್‌ನಿಂದ ಆರಂಭಿಸಿ
ಡಾರ್ಕ್ ಸೋಲ್ಸ್, ಸೆಕಿರೊ, ಎಲ್ಡನ್ ರಿಂಗ್ ಈ ಮೂರು ವಿಡಿಯೊ ಗೇಮ್‌ಗಳಲ್ಲಿ ಮೊದಲು ಯಾವುದನ್ನು ಆಡಬೇಕೆಂದು ತಾವು ಕೇಳಿದ್ದೀರಿ. 2022ರ ಎಲ್ಡನ್ ರಿಂಗ್‌ನಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಮಾರ್ಗಿಟ್‌ನಂತಹ ಎದುರಾಳಿ ಅಡ್ಡ ನಿಂತಾಗ ಅವನನ್ನು ಅಲ್ಲಿಯೇ ಬಿಟ್ಟು, ಕುದುರೆಯೇರಿ ಬೇರೆಡೆ ಸುತ್ತಾಡಿ, ಬಲ ಹೆಚ್ಚಿಸಿಕೊಂಡು ಮರಳುವ ಸ್ವಾತಂತ್ರ್ಯ ಅದರಲ್ಲಿದೆ. 2019ರ ಸೆಕಿರೊದಲ್ಲಿ ಈ ಅನುಕೂಲ ಬಹುತೇಕ ಇಲ್ಲ: ಕತ್ತಿಯ ಏಟನ್ನು ಸರಿಯಾದ ಕ್ಷಣದಲ್ಲಿ ತಡೆಯಲು ಕಲಿಯದೆ ಮುಂದೆ ಸಾಗಲಾಗದು, ನೆರವಿಗೆ ಇನ್ನೊಬ್ಬ ಆಟಗಾರನನ್ನು ಕರೆಯುವಂತೆಯೂ ಇಲ್ಲ. ಕತ್ತಿವರಸೆಯ ಮಟ್ಟಿಗೆ ಮೂರರಲ್ಲಿ ಅದೇ ಶ್ರೇಷ್ಠವೆಂದು ನನಗನ್ನಿಸಿದರೂ ಮೊದಲ ಆಟವಾಗಿ ಅದನ್ನು ಸೂಚಿಸಲಾರೆ. 2011ರ ಡಾರ್ಕ್ ಸೋಲ್ಸ್‌ನ ಉತ್ತರಾರ್ಧ ಸೊರಗಿದೆ (ಅದರಲ್ಲಿನ ಲಾಸ್ಟ್ ಇಜಲಿತ್ ಎಂಬ ಪ್ರದೇಶ ಅವಸರದಲ್ಲಿ ಮುಗಿಸಿದಂತಿದೆ). ಆದರೆ ಬಹುದೂರ ಅಲೆದು ಲಿಫ್ಟ್ ಇಳಿದಾಗ ಹೊರಟಿದ್ದ ಫೈರ್‌ಲಿಂಕ್ ಎಂಬ ನೆಲೆಗೇ ಬಂದು ನಿಲ್ಲುವಂತೆ ಹೆಣೆದ ಅದರ ಲೋಕಕ್ಕೆ ಎಲ್ಡನ್ ರಿಂಗ್‌ನ ವಿಶಾಲ ಬಯಲೂ ಸಾಟಿಯಲ್ಲ.