ಭ್ರೂಣ ಬೆಳವಣಿಗೆಯ ಸಂಶೋಧನೆ ಮಾಡುತ್ತಲೇ ಡಿಗ್ರಿ ವಿದ್ಯಾರ್ಥಿಗಳ ಫಲಿತಾಂಶ ಸುಧಾರಿಸಬಹುದೇ?

ಹಾಸನದಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರ ಪಾಠ ಮಾಡುವ ನೀವು, ಸಂಶೋಧನೆಗೆ ಕೂತರೆ ಮಕ್ಕಳ ಪಾಠ ಹಿಂದೆ ಬೀಳುತ್ತದೆಯೇ ಎಂದು ಕೇಳಿದ್ದೀರಿ. ಸಂಶೋಧನೆಯನ್ನೇ ಪಾಠ ಮಾಡಿದರೆ ಬೀಳುವುದಿಲ್ಲ.

ಕೋಳಿಮೊಟ್ಟೆಯಿಂದ ಶುರು ಮಾಡಿ. ಅಂಗಡಿಯ ಫಾರಂ ಮೊಟ್ಟೆ ಬೇಡ; ಅಲ್ಲಿ ಹುಂಜವೇ ಇರುವುದಿಲ್ಲ, ಭ್ರೂಣ ಎಲ್ಲಿಂದ ಬರಬೇಕು? ಅರಸೀಕೆರೆ, ಆಲೂರು ಕಡೆಯ ಹಳ್ಳಿ ಮಕ್ಕಳು ಮನೆಯ ನಾಟಿಕೋಳಿ ಮೊಟ್ಟೆ ತರಲಿ. ಸುಮಾರು 38 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ತೇವ ಆರದಂತೆ ಮೂರು ದಿನ ಇಟ್ಟು, ಉಗುರುಬೆಚ್ಚಗಿನ ಉಪ್ಪುನೀರಿನ ಬಟ್ಟಲಿಗೆ ಮೆಲ್ಲಗೆ ಒಡೆದರೆ, ಹಳದಿಯ ಮೇಲೆ ಕೆಂಪು ರಕ್ತನಾಳಗಳ ಜಾಲ, ನಡುವೆ ಮಿಡಿಯುವ ಹೃದಯ ಬರಿಗಣ್ಣಿಗೇ ಕಾಣುತ್ತದೆ. ನೀರು ತಣ್ಣಗಾದಂತೆ ಮಿಡಿತ ಎಷ್ಟು ನಿಧಾನವಾಗುತ್ತದೆ? ಒಂದೊಂದು ಗುಂಪು ಒಂದೊಂದು ಉಷ್ಣತೆಯಲ್ಲಿ ಎಣಿಸಿ, ಗ್ರಾಫ್ ಹಾಕಿ, ಕನ್ನಡದಲ್ಲೇ ವಾದ ಮಾಡಲಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಬಾಯಿ ಬಿಡುವುದು ಇಂಥ ಕಡೆಯೇ.

ಇದಕ್ಕೆ ಪುರಾವೆಯೂ ಇದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬರೀ ಉಪನ್ಯಾಸ ಕೇಳಿದವರು ಫೇಲಾಗುವ ಸಾಧ್ಯತೆ, ತಾವೇ ತೊಡಗಿ ಕಲಿತವರಿಗಿಂತ 1.5 ಪಟ್ಟು.

ಪ್ರತಿ ಬ್ಯಾಚಿನ ಲೆಕ್ಕವನ್ನು ಒಂದೇ ನೋಟ್‌ಬುಕ್ಕಿನಲ್ಲಿ ಕೂಡಿಡಿ. ನಿಮ್ಮ ಸಂಶೋಧನೆಯ ದತ್ತಾಂಶ ಅಲ್ಲೇ ಬೆಳೆಯುತ್ತಾ ಹೋಗುತ್ತದೆ.