ಅಳಿವೆಯಲ್ಲಿ ಸಿಕ್ಕ ಹಡಗು: ಮರುಕಳಿಸುವ ಕನಸಿನ ಒಂದು ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

‘ಶ’ ಅವರಿಗೆ 31 ವರ್ಷ. ಉಡುಪಿ ಜಿಲ್ಲೆಯ ಮೀನುಗಾರ ಕುಟುಂಬದವರು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ವಿದೇಶದ ಆಸ್ಪತ್ರೆಯಿಂದ ಮೂರು ವರ್ಷದ ಕಾಂಟ್ರಾಕ್ಟ್ ಬಂದಿದೆ. ಅಪ್ಪ ದಶಕಗಳ ಕಾಲ ತಾಂಡೇಲರಾಗಿದ್ದವರು, ಅಂದರೆ ಮೀನುಗಾರಿಕೆ ಬೋಟು ನಡೆಸುತ್ತಿದ್ದವರು. ಪಾರ್ಶ್ವವಾಯುವಿನ ನಂತರ ಮನೆಯಲ್ಲೇ ಇದ್ದಾರೆ. ವಾರಕ್ಕೆ ಎರಡು ಮೂರು ಸಲ ಒಂದೇ ಕನಸು. ದೊಡ್ಡ ಬಿಳಿ ಹಡಗಿನಲ್ಲಿ ಯೂನಿಫಾರ್ಮ್ ತೊಟ್ಟು ಇವರೊಬ್ಬರೇ ನಿಂತಿದ್ದಾರೆ, ಎದುರಿಗೆ ಹೊಳೆ ಕಡಲು ಸೇರುವ ಅಳಿವೆಬಾಗಿಲು, ಆಚೆ ಬೋಟು ಕಟ್ಟುವ ದಕ್ಕೆಯ ಮೇಲೆ ಅಪ್ಪ. ಹಡಗಿನ ತಳ ಮರಳಿಗೆ ತಾಗುತ್ತದೆ, ಒಂದು ಬದಿಗೆ ವಾಲುತ್ತದೆ. ಅಷ್ಟರಲ್ಲಿ ಎಚ್ಚರ, ಎದೆ ಹೊಡೆದುಕೊಳ್ಳುತ್ತಿರುತ್ತದೆ.

ಆಪ್ತಸಲಹೆಗೆ ಬರುವ ಹೊತ್ತಿಗೆ ಅವರ ಕೈಯಲ್ಲಿ ಎರಡು ಅರ್ಥಗಳಿದ್ದವು. ಅಮ್ಮ ಪಂಚಾಂಗದ ಸ್ವಪ್ನಫಲ ನೋಡಿಸಿ ‘ಪ್ರಯಾಣಕ್ಕೆ ವಿಘ್ನ, ಹೋಗಬೇಡ’ ಎಂದಿದ್ದರು. ಮೊಬೈಲಿನಲ್ಲಿ ಸಿಕ್ಕ ಅರ್ಥಕೋಶ ‘ಹಡಗು ಎಂದರೆ ಬದುಕು, ಸಿಕ್ಕಿಬಿದ್ದರೆ ಪ್ರಗತಿಗೆ ತಡೆ’ ಎಂದಿತ್ತು. ಎರಡೂ ಒಂದೇ ಕಡೆಗೆ ತಳ್ಳುತ್ತಿದ್ದವು. ಇಂಥ ಪಟ್ಟಿಗಳ ತೊಂದರೆಯೇ ಇದು: ಹಡಗನ್ನು ನೋಡುತ್ತವೆ, ಅದರಲ್ಲಿ ಯಾರಿದ್ದರು ಎಂದು ಕೇಳುವುದಿಲ್ಲ. ದಾಸರಿಗೆ ದೇಹ ದೋಣಿ, ಹರಿ ಅಂಬಿಗ. ಮನೋವಿಶ್ಲೇಷಣೆಯನ್ನು ಶುರುಮಾಡಿದ ಫ್ರಾಯ್ಡ್ ಹಡಗನ್ನು ಸ್ತ್ರೀಸಂಕೇತವೆಂದ. ಸ್ವಿಸ್ ಮನೋವೈದ್ಯ ಯೂಂಗ್ ‘ರಾತ್ರಿಯ ಸಮುದ್ರಯಾನ’ವನ್ನು ಮನಸ್ಸು ತನ್ನ ಆಳಕ್ಕಿಳಿದು ಹೊಸದಾಗಿ ಮೇಲೇಳುವ ಪಯಣವಾಗಿ ಕಂಡ. ಇವೆಲ್ಲ ಯೋಚನೆಗೆ ಒಳ್ಳೆಯ ಸಾಮಗ್ರಿ, ಆದರೆ ಯಾವುದೂ ‘ಶ’ ಅವರ ಹಡಗಲ್ಲ. ಕಂಡವರ ಕಸುಬು, ಅಭ್ಯಾಸ, ಸ್ಥಿತಿ ತಿಳಿಯದೆ ಕನಸಿಗೆ ಅರ್ಥ ಹೇಳಬಾರದೆಂದು 2ನೇ ಶತಮಾನದ ಗ್ರೀಕ್ ಸ್ವಪ್ನವ್ಯಾಖ್ಯಾನಕಾರ ಆರ್ಟೆಮಿಡೋರಸ್ ಆಗಲೇ ಎಚ್ಚರಿಸಿದ್ದ.

ಅರ್ಥಕ್ಕೆ ಕೈಹಾಕುವ ಮೊದಲು ನಿದ್ರೆ ಮತ್ತು ಔಷಧಿಯ ವಿಚಾರಣೆ ಆಗಬೇಕು. ಮೈಗ್ರೇನಿಗೆಂದು ಅವರು ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದರು. ಶುರುಮಾಡಿ ಎರಡು ವಾರಕ್ಕೆ ಕನಸು ಕಾಣಿಸಿಕೊಂಡಿತ್ತು. ಈ ಮಾತ್ರೆ ಮಿದುಳಿಗೆ ಸುಲಭವಾಗಿ ಸೇರುತ್ತದೆ, ಕೆಲವರಲ್ಲಿ ಕಣ್ಣಿಗೆ ಕಟ್ಟುವಂಥ ಕನಸು, ದುಃಸ್ವಪ್ನ ತರುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳಲ್ಲೂ ಹೀಗಾಗುವುದುಂಟು. ಜೊತೆಗೆ ನೈಟ್ ಡ್ಯೂಟಿ: ನಿದ್ದೆಗೆಟ್ಟ ಮೇಲೆ ಸಿಗುವ ನಿದ್ದೆಯಲ್ಲಿ ಕನಸಿನ ಪಾಲು ಹೆಚ್ಚಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಥಟ್ಟನೆ ಬಿಟ್ಟರೆ ಹೃದಯಬಡಿತ, ರಕ್ತದೊತ್ತಡ ಏರಬಹುದು, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ ಎಂದು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಲಾಯಿತು. ಆದರೆ ಮಾತ್ರೆ ಕನಸಿನ ಬಣ್ಣವನ್ನು ಗಾಢ ಮಾಡೀತು. ಅಳಿವೆಯನ್ನು, ದಕ್ಕೆಯ ಮೇಲಿನ ಅಪ್ಪನನ್ನು ಅದು ತಂದು ನಿಲ್ಲಿಸಲಾರದು.

ಹಾಗಾಗಿ ಪ್ರಶ್ನೆಗಳು ಹಡಗಿನೊಳಗಿನಿಂದಲೇ ಶುರುವಾದವು. ನೀವು ಪ್ರಯಾಣಿಕರೋ, ಕೆಲಸದವರೋ? ಚುಕ್ಕಾಣಿ ಯಾರ ಕೈಯಲ್ಲಿದೆ? ನೀರು ಏರುತ್ತಿದೆಯೋ ಇಳಿಯುತ್ತಿದೆಯೋ? ಕೊನೆಗೆ, ಹಡಗು ಹೊರಗೆ ಹೋಗುತ್ತಿದೆಯೋ ಒಳಗೆ ಬರುತ್ತಿದೆಯೋ?

‘ಒಳಗೆ’ ಎಂದವರು ಸ್ವಲ್ಪ ಹೊತ್ತು ಸುಮ್ಮನಾದರು.

ಕರಾವಳಿಯ ಮನೆಗಳಲ್ಲಿ ಅಳಿವೆ ಬರೀ ಒಂದು ಜಾಗವಲ್ಲ. ಹೊಳೆ ತಂದ ಹೂಳು ಅಲ್ಲೇ ದಿಬ್ಬ ಕಟ್ಟುತ್ತದೆ, ಅಲೆ ಅಲ್ಲೇ ಒಡೆಯುತ್ತದೆ. ತಳ ತಾಗಿದ ಬೋಟು ಅಲೆಗೆ ಅಡ್ಡ ತಿರುಗಿದರೆ ಮಗುಚುತ್ತದೆ. ಆಳಸಮುದ್ರದಲ್ಲಿ ದಿನಗಟ್ಟಲೆ ದುಡಿದು ಬಂದ ಬೋಟುಗಳು ಊರು ಕಣ್ಣಿಗೆ ಬಿದ್ದ ಮೇಲೆ ಇಲ್ಲಿ ಒಡೆದದ್ದುಂಟು. ಚಿಕ್ಕಂದಿನಿಂದ ಅವರು ಅಮ್ಮನ ಜೊತೆ ಕಾದದ್ದು ಅಪ್ಪ ಹೋಗುವುದನ್ನಲ್ಲ, ಒಳಗೆ ಬರುವುದನ್ನು. ಅಂದಮೇಲೆ ಕನಸಿನ ಭಯ ವಿದೇಶದ್ದಲ್ಲ, ಹೊರಡುವುದರದ್ದೂ ಅಲ್ಲ. ಅಪ್ಪನಿಗೆ ಮತ್ತೊಮ್ಮೆ ಏನಾದರೂ ಆದರೆ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಲಾರೆ ಎಂಬ ಭಯ ಅದು. ಈ ಮಾತನ್ನು ಹೇಳಿದ್ದು ಸಲಹೆಗಾರರಲ್ಲ, ಅವರೇ. ಸಲಹೆಗಾರರು ಮೊದಲೇ ಹೇಳಿಬಿಟ್ಟಿದ್ದರೆ ಅದು ಮೂರನೆಯ ಸ್ವಪ್ನಫಲವಾಗುತ್ತಿತ್ತು, ಅಷ್ಟೆ.

ಕೊಟ್ಟ ಸಲಹೆ ಎರಡು ಬಗೆಯದು. ಮೊದಲನೆಯದು ಎಚ್ಚರದ ಬದುಕಿಗೆ. ಹಿಂತಿರುಗುವ ದಾರಿಯನ್ನು ಕಾಗದದ ಮೇಲೆ ಇಳಿಸುವುದು: ಕಾಂಟ್ರಾಕ್ಟಿನಲ್ಲಿ ತುರ್ತು ರಜೆ ಎಷ್ಟು ದಿನ, ನೋಟಿಸ್ ಅವಧಿ ಎಷ್ಟು, ಮಧ್ಯೆ ಬಿಟ್ಟರೆ ಕಟ್ಟಬೇಕಾದ ಹಣ ಎಷ್ಟು. ಒಂದು ಸಲ ಬಂದುಹೋಗುವ ಟಿಕೆಟ್ಟಿನ ಹಣ ಬೇರೆ ಖಾತೆಯಲ್ಲಿ, ಮುಟ್ಟದಂತೆ. ಅಪ್ಪನ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ಇದ್ದಕ್ಕಿದ್ದಂತೆ ಇನ್ನಷ್ಟು ತೊದಲಿದರೆ ಗಂಟೆ ನೋಡಿಕೊಂಡು ನೇರ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಗಾಡಿ ಯಾರದು, ಜೊತೆಗೆ ಯಾರು, ‘ಶ’ ಅವರ ತಮ್ಮ ಬೋಟಿನಲ್ಲಿ ಕಡಲಿಗೆ ಹೋಗಿದ್ದರೆ ಯಾರು ಎಂದು ಹೆಸರು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುವುದು. ನರ್ಸ್ ಆಗಿ ಇದೆಲ್ಲ ಅವರಿಗೆ ಗೊತ್ತಿತ್ತು, ಮನೆಯವರಿಗೆ ಗೊತ್ತಿರಲಿಲ್ಲ.

ಎರಡನೆಯದು ಕನಸಿಗೆ. ಮರುಕಳಿಸುವ ದುಃಸ್ವಪ್ನಕ್ಕೆ ಬಳಸುವ ‘ಚಿತ್ರ ಬದಲಿಸಿ ಅಭ್ಯಾಸ’ ಮಾಡುವ ವಿಧಾನ ಸರಳವಾದದ್ದು. ಕನಸನ್ನು ಒಮ್ಮೆ ಬರೆದು, ಅದರಲ್ಲಿ ಏನನ್ನಾದರೂ ತಮಗೆ ಬೇಕಾದಂತೆ ಬದಲಿಸಿ, ಹೊಸ ಕಥೆಯನ್ನು ದಿನಕ್ಕೆ 10ರಿಂದ 20 ನಿಮಿಷ ಎಚ್ಚರದಲ್ಲಿ ಕಣ್ಮುಚ್ಚಿ ನೋಡುವುದು. ಇಲ್ಲಿ ಅಭ್ಯಾಸ ಮಾಡಬೇಕಾದದ್ದು ಹೊಸ ಕಥೆಯನ್ನು, ಹಳೆಯ ಕನಸನ್ನಲ್ಲ. ‘ಶ’ ಮೊದಲು ಹೆಲಿಕಾಪ್ಟರ್ ಬಂದು ಎತ್ತಿಕೊಂಡಂತೆ ಬರೆದರು. ಒಂದು ವಾರವಾದರೂ ಅದು ಮನಸ್ಸಿಗೆ ಹತ್ತಲಿಲ್ಲ, ಅವರಿಗೇ ಸುಳ್ಳೆನಿಸಿತು. ಆಗ, ಅಳಿವೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಅಪ್ಪನನ್ನೇ ಕೇಳಿ ಬರಲು ಸೂಚಿಸಲಾಯಿತು. ತೊದಲು ಮಾತಿನಲ್ಲೇ ಅವರು ಹೇಳಿದರಂತೆ: “ಇಳಿತ ಇರುವಾಗ ನುಗ್ಗಬಾರದು ಮಗಾ. ಹೊರಗೆ ಲಂಗರು ಹಾಕಿ ಕಾಯುವುದು.” ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಹೊಸ ಕಥೆಯಲ್ಲಿ ಹಡಗು ಹೊರಗೆ ಲಂಗರು ಹಾಕುತ್ತದೆ, ‘ಶ’ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತ ಕಾಯುತ್ತಾರೆ, ನೀರು ಏರಿದ ಮೇಲೆ ಒಳಗೆ ಬರುತ್ತಾರೆ.

ಮಾತ್ರೆಯನ್ನೂ ಕಥೆಯನ್ನೂ ಒಂದೇ ವಾರ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ತೊಂದರೆ ಸಹಿಸುವಷ್ಟೇ ಇದ್ದುದರಿಂದ ವೈದ್ಯರ ಒಪ್ಪಿಗೆಯ ಮೇರೆಗೆ ಮಾತ್ರೆ ನಾಲ್ಕು ವಾರ ಹಾಗೆಯೇ ಮುಂದುವರಿಯಿತು. ಅಷ್ಟರಲ್ಲಿ ಕನಸು ವಾರಕ್ಕೆ ಒಂದಕ್ಕಿಳಿಯಿತು. ಆಮೇಲೆ ವೈದ್ಯರು ಬೇರೆ ಔಷಧಿ ಕೊಟ್ಟರು. ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಮಂಚದಿಂದ ಬೀಳುವುದು ಇದ್ದಿದ್ದರೆ, ಅಥವಾ ಕಣ್ಣೆದುರು ನಡೆದ ಬೋಟು ದುರಂತವೇ ಕನಸಾಗಿ ಬರುತ್ತಿದ್ದರೆ ಇಷ್ಟು ಸಾಲುತ್ತಿರಲಿಲ್ಲ: ಮೊದಲನೆಯದಕ್ಕೆ ನರರೋಗ ತಜ್ಞರು, ಎರಡನೆಯದಕ್ಕೆ ಆಘಾತ ಚಿಕಿತ್ಸೆ ಬಲ್ಲವರು ಬೇಕು.

ಹೋಗಬೇಕೋ ಬೇಡವೋ ಎಂಬುದನ್ನು ಕನಸಿನಿಂದ ತೀರ್ಮಾನಿಸಲಿಲ್ಲ. ಅವರು ಕಾಂಟ್ರಾಕ್ಟಿಗೆ ಸಹಿ ಹಾಕಿದ್ದು ತುರ್ತು ರಜೆಯ ಷರತ್ತನ್ನು ಬರಹದಲ್ಲಿ ಪಡೆದ ನಂತರ. ತಲುಪಿದ ಮೊದಲ ತಿಂಗಳು ಕನಸು ಮತ್ತೆ ಬರುವ ಸಾಧ್ಯತೆ ಹೆಚ್ಚು ಎಂದು ತಿಳಿಸಿ, ಆರನೇ ವಾರಕ್ಕೆ ವಿಡಿಯೊ ಭೇಟಿ ಗೊತ್ತುಮಾಡಲಾಗಿದೆ.